ಸ್ನೋ ಬೀಳುವ ಊರಿಗೆ ಕಡಿಮೆ ದುಡ್ಡಿನ ಸೆಕೆಂಡ್ ಹ್ಯಾಂಡ್ ಕಾರು: ಯಾವುದು ತಗೊಳ್ಳಲಿ?

ಪ್ರಶ್ನೆ: ಎಂ.ಎಸ್. ಓದಲು ದಾವಣಗೆರೆಯಿಂದ ಅಮೆರಿಕದ ಬಫಲೋಗೆ ಆಗಸ್ಟ್‌ನಲ್ಲಿ ಬಂದಿದ್ದೇನೆ. ಕ್ಯಾಂಪಸ್ಸಿನ ಹತ್ತಿರ, ಆಮ್ಹರ್ಸ್ಟ್‌ನಲ್ಲಿ ಮನೆ. ಕಾರಿಗೆ ಅಂತ ಒಟ್ಟು 7,000 ಡಾಲರ್ ಎತ್ತಿಟ್ಟಿದ್ದೇನೆ. ಇಲ್ಲಿನ ಸ್ನೋಗೆ ಆಲ್ ವೀಲ್ ಡ್ರೈವ್ ಇಲ್ಲದಿದ್ದರೆ ಆಗೋದೇ ಇಲ್ಲ, ಸುಬಾರು ತಗೋ ಅಂತ ಸೀನಿಯರ್‌ಗಳು ಹೇಳುತ್ತಾರೆ. ನನ್ನ ದುಡ್ಡಿಗೆ ಸಿಗುವ ಸುಬಾರುಗಳೆಲ್ಲ ಒಂದೂವರೆ ಲಕ್ಷ ಮೈಲಿ ಓಡಿರುವಂಥವು. 1,10,000 ಮೈಲಿ ಓಡಿರುವ ಒಂದು ಟೊಯೊಟಾ ಕೊರೊಲಾ ನೋಡಿದ್ದೇನೆ, 5,800 ಡಾಲರ್ ಹೇಳುತ್ತಿದ್ದಾರೆ. ಯಾವುದು ತಗೊಳ್ಳಲಿ? ಈಗಲೇ ತಗೊಳ್ಳಲಾ, ಕಾಯಲಾ?

ಉತ್ತರ: ಕೊರೊಲಾನೇ ತಗೊಳ್ಳಿ. ಎರಡು ಷರತ್ತು. ಒಂದು, ಗಾಡಿಯ ತಳ ಗಟ್ಟಿ ಇರಬೇಕು. ಎರಡು, ಗಾಡಿ ಕೊಂಡ ಮೇಲೂ ಒಳ್ಳೇ ಟೈರಿಗೆ ದುಡ್ಡು ಕೈಯಲ್ಲಿ ಉಳಿದಿರಬೇಕು. ಇದರಲ್ಲಿ ಒಂದು ತಪ್ಪಿದರೂ ಆ ಕೊರೊಲಾ ಬಿಟ್ಟು ಬೇರೆ ನೋಡಿ.

ನಿಮ್ಮ ಸೀನಿಯರ್‌ಗಳು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಆಲ್ ವೀಲ್ ಡ್ರೈವ್ ಇದ್ದರೆ ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುತ್ತದೆ, ನೀವು ನೋಡಿದ ಕೊರೊಲಾದಲ್ಲಿ ಮುಂದಿನ ಎರಡಕ್ಕೆ ಮಾತ್ರ. ನಿಂತ ಗಾಡಿ ಹೊರಡಲು, ದಿಬ್ಬ ಹತ್ತಲು, ರಸ್ತೆಯ ಸ್ನೋ ತಳ್ಳುವ ಪ್ಲೋ ಗಾಡಿ ಮನೆ ಮುಂದೆ ಬಿಟ್ಟು ಹೋದ ಸ್ನೋ ರಾಶಿ ದಾಟಿ ರಸ್ತೆಗೆ ಬೀಳಲು ಅದರಿಂದ ತುಂಬಾ ಅನುಕೂಲ. ಆದರೆ ನಿಲ್ಲಿಸಲು? ಬ್ರೇಕು ಎಲ್ಲಾ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುವುದು. ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲುತ್ತದೋ, ಜಾರಿಕೊಂಡು ಹೋಗಿ ಮುಂದಿನ ಕಾರಿಗೆ ಗುದ್ದುತ್ತದೋ ಅನ್ನುವುದು ನೆಲ ಮುಟ್ಟುವ ಅಂಗೈ ಅಗಲದ ರಬ್ಬರನ್ನು ನಂಬಿಕೊಂಡಿದೆ. ಟೈರು ಸವೆದ ಸುಬಾರು ಜೋರಾಗಿ ಹೊರಡುತ್ತದೆ. ನಿಲ್ಲೋದು ಮಾತ್ರ ದೇವರಿಗೆ ಬಿಟ್ಟಿದ್ದು.

ಇನ್ನು ನೀವು ಇರುವ ಜಾಗ. ಬಫಲೋದಲ್ಲಿ ವರ್ಷಕ್ಕೆ ಸರಾಸರಿ 95 ಇಂಚಿನಷ್ಟು ಸ್ನೋ ಬೀಳುತ್ತದೆ ಅಂತ ಕೇಳಿ ಹೆದರಬೇಡಿ, ಎಲ್ಲಾ ಕಡೆ ಒಂದೇ ಸಮ ಬೀಳುವುದಿಲ್ಲ. ಈರಿ ಸರೋವರದ ಬೆಚ್ಚಗಿನ ನೀರಿನ ಮೇಲೆ ತಣ್ಣನೆ ಗಾಳಿ ಬೀಸಿ, ತೇವ ಹೊತ್ತುಕೊಂಡು ಬಂದು, ಉದ್ದನೆ ಪಟ್ಟಿಯ ಹಾಗೆ ಒಂದೇ ಕಡೆ ಸುರಿಯುತ್ತದೆ. ಆ ಪಟ್ಟಿ ಹೆಚ್ಚಾಗಿ ನಗರದ ದಕ್ಷಿಣಕ್ಕೇ ಕೂರುತ್ತದೆ. 2022ರ ನವೆಂಬರ್‌ನಲ್ಲಿ ಆರ್ಚರ್ಡ್ ಪಾರ್ಕ್‌ನಲ್ಲಿ ಸುಮಾರು 80 ಇಂಚು ಬಿತ್ತು. ಉತ್ತರದ ಆಮ್ಹರ್ಸ್ಟ್‌ನಲ್ಲಿ ಅದರ ಹತ್ತಿರಕ್ಕೂ ಬರಲಿಲ್ಲ. ನೀವಿರುವುದು ಸಪಾಟು ಜಾಗ, ಪ್ಲೋ ಗಾಡಿ ಬೇಗ ಬರುವ ರಸ್ತೆ. ಮನೆ ಆರ್ಚರ್ಡ್ ಪಾರ್ಕ್ ಅಥವಾ ಹ್ಯಾಂಬರ್ಗ್ ಕಡೆ ಇದ್ದು, ನಸುಕಿನಲ್ಲಿ ಆಸ್ಪತ್ರೆ ಡ್ಯೂಟಿಗೆ ಹೋಗಲೇಬೇಕಾಗಿದ್ದರೆ ನಾನೂ ಸುಬಾರು ಅಂತಲೇ ಹೇಳುತ್ತಿದ್ದೆ. ಬರೀ ದಿಬ್ಬಗಳೇ ಇರುವ ಇಥಾಕಾದವರಿಗೂ ಅದೇ ಮಾತು. 2022ರ ಡಿಸೆಂಬರ್‌ನಲ್ಲಿ ಬಫಲೋಗೆ ಬಂದ ಹಿಮಗಾಳಿಯಲ್ಲಂತೂ ಅಗ್ನಿಶಾಮಕ ದಳದ ಗಾಡಿಗಳೇ ಸಿಕ್ಕಿಹಾಕಿಕೊಂಡವು, ಈರಿ ಕೌಂಟಿಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಅಂಥ ದಿನ ಯಾವ ಕಾರಿದ್ದರೂ ಮನೆಯಲ್ಲೇ ಇರಬೇಕು.

ಈಗ ಟೈರಿನ ವಿಷಯ. ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದಂತೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರಲ್ಲಿ. ದಾವಣಗೆರೆಯಲ್ಲಿ ಬೆಳೆದ ನಮಗೆ ಚಳಿಗೊಂದು ಟೈರು, ಬಿಸಿಲಿಗೊಂದು ಟೈರು ಅಂದರೆ ಅಂಗಡಿಯವನ ನಾಟಕ ಅನ್ನಿಸುವುದು ಸಹಜ. ಇಲ್ಲಿ ಅದು ನಾಟಕ ಅಲ್ಲ. ವಿಂಟರ್ ಟೈರಿನ ರಬ್ಬರು ಮೈನಸ್‌ನಲ್ಲೂ ಮೆತ್ತಗಿರುತ್ತದೆ, ಅದರ ಮೇಲಿನ ಸಣ್ಣ ಸಣ್ಣ ಸೀಳುಗಳು ಸ್ನೋವನ್ನು ಕಚ್ಚಿ ಹಿಡಿಯುತ್ತವೆ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇದನ್ನು ಹಾಕಲೇಬೇಕು ಅಂತ ಕಾನೂನೇ ಇದೆ. ನ್ಯೂಯಾರ್ಕ್ ರಾಜ್ಯದಲ್ಲಿ ಹಾಗೆ ಕಡ್ಡಾಯ ಇಲ್ಲ, ಅದಕ್ಕೇ ಬಹಳಷ್ಟು ವಿದ್ಯಾರ್ಥಿಗಳು ಹಾಕಿಸುವುದಿಲ್ಲ.

ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ನೋಡಿ. ಬರೀ ‘ಎಂ ಪ್ಲಸ್ ಎಸ್’ (ಮಡ್ ಮತ್ತು ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಂತ ಬರೆದಿದ್ದರೆ ಸಾಲದು. ಅಪಾರ್ಟ್‌ಮೆಂಟಿನಲ್ಲಿ ಇನ್ನೊಂದು ಸೆಟ್ ಟೈರು ಇಡಲು ಜಾಗ ಎಲ್ಲಿ ಅಂತ ಕೇಳಿದರೆ, ಈಗ ಆಲ್ ವೆದರ್ ಅಂತ ಬರುತ್ತವೆ. ವರ್ಷಪೂರ್ತಿ ಹಾಕಿಕೊಂಡೇ ಇರಬಹುದು, ಆ ಬೆಟ್ಟದ ಗುರುತೂ ಇರುತ್ತದೆ. ಅಂಗಡಿಯಲ್ಲಿ ಹುಷಾರು: ಆಲ್ ಸೀಸನ್ ಬೇರೆ, ಆಲ್ ವೆದರ್ ಬೇರೆ. ಆಲ್ ಸೀಸನ್‌ಗೆ ಸಾಮಾನ್ಯವಾಗಿ ಆ ಗುರುತು ಇರುವುದಿಲ್ಲ. ನಿಮ್ಮಂತೆ ಊರೊಳಗೇ ಓಡಾಡುವವರಿಗೆ ಆಲ್ ವೆದರ್ ಸಾಕು. ಯಾವುದೇ ಇರಲಿ, ನಾಲ್ಕೂ ಒಂದೇ ಥರದ್ದು ಹಾಕಿಸಿ. ಮುಂದೆ ಮಾತ್ರ ವಿಂಟರ್ ಟೈರು ಹಾಕಿ ಹಿಂದೆ ಹಳೇದು ಬಿಟ್ಟರೆ ತಿರುವಿನಲ್ಲಿ ಹಿಂಭಾಗ ಎಳೆದುಕೊಂಡು ಹೋಗಿ ಗಾಡಿ ಸುತ್ತು ಹೊಡೆಯುತ್ತದೆ.

ಮಾರುವವರು ‘ಟೈರು ಹೊಸದು’ ಅಂದರೆ ನಂಬಬೇಡಿ, ಓದಿ. ಪಕ್ಕದಲ್ಲಿ ‘ಡಿಒಟಿ’ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 3519 ಅಂತಿದ್ದರೆ 2019ರ 35ನೇ ವಾರದಲ್ಲಿ ತಯಾರಾದದ್ದು. ಸವೆತ ನೋಡಲು 25 ಸೆಂಟಿನ ನಾಣ್ಯ ತಲೆಕೆಳಗಾಗಿ ಗೆರೆಯೊಳಗೆ ಇಡಿ. ವಾಷಿಂಗ್ಟನ್ನರ ತಲೆಯ ತುದಿ ಪೂರ್ತಿ ಕಂಡರೆ ಸ್ನೋಗೆ ಆ ಟೈರು ಬೇಡ.

ಲೆಕ್ಕ ಹೀಗೆ ಹಾಕಿ. ಈರಿ ಕೌಂಟಿಯಲ್ಲಿ ಸೇಲ್ಸ್ ಟ್ಯಾಕ್ಸ್ ನೂರಕ್ಕೆ 8.75. ಡೀಲರ್ ಹತ್ತಿರ ಕೊಂಡರೂ, ಯಾರದ್ದೋ ಮನೆಯಲ್ಲಿ ಕೊಂಡರೂ ಕಟ್ಟಲೇಬೇಕು. ಗಾಡಿಗೆ 5,300 ಕೊಟ್ಟರೆ ಟ್ಯಾಕ್ಸೇ ಸುಮಾರು 464. ನಾಲ್ಕು ಟೈರಿಗೆ 700ರ ಆಸುಪಾಸು. ಮೆಕ್ಯಾನಿಕ್ ತಪಾಸಣೆಗೆ 150. ಉಳಿಯುವುದು 400ಕ್ಕಿಂತ ಕಡಿಮೆ, ಅದು ಬ್ಯಾಟರಿ, ವೈಪರ್, ನಂಬರ್ ಪ್ಲೇಟಿಗೆ. ಇನ್ಶೂರೆನ್ಸ್ ಇದರಲ್ಲಿ ಸೇರಿಲ್ಲ. ಹಾಗಾಗಿ 5,800 ಹೇಳುತ್ತಿರುವ ಕೊರೊಲಾ ಚೌಕಾಸಿ ಮಾಡಿ 5,300ಕ್ಕೆ ಇಳಿದರೆ ಮಾತ್ರ ನಿಮ್ಮದು. ಅದೇ ಬೆಲೆಯ ಹಳೇ ಸುಬಾರುವಿಗೆ ಈ ಲೆಕ್ಕ ಇನ್ನೂ ಬಿಗಿ. ಅದರ ಹಳೇ 2.5 ಲೀಟರ್ ಎಂಜಿನ್ನಿಗೆ 1,05,000 ಮೈಲಿಗೆ ಟೈಮಿಂಗ್ ಬೆಲ್ಟ್ ಬದಲಿಸಬೇಕು, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವಿನ ಸೀಲು) ಸೋರುವ ಕಾಯಿಲೆಯೂ ಅದಕ್ಕೆ ಹೆಸರುವಾಸಿ. ನಾಲ್ಕೂ ಟೈರಿನ ಸವೆತ ಹೆಚ್ಚುಕಡಿಮೆ ಒಂದೇ ಸಮ ಇರಬೇಕು ಬೇರೆ. ಒಂದು ಟೈರು ಹಾಳಾದರೆ ಕೆಲವೊಮ್ಮೆ ನಾಲ್ಕಕ್ಕೂ ದುಡ್ಡು ಕೊಡಬೇಕಾಗುತ್ತದೆ.

ಈ ಊರಿನಲ್ಲಿ ಕಾರು ಸಾಯುವುದು ಮೈಲಿಯಿಂದಲ್ಲ, ಉಪ್ಪಿನಿಂದ. ರಸ್ತೆಯ ಐಸ್ ಕರಗಿಸಲು ಚಳಿಗಾಲವಿಡೀ ಉಪ್ಪು ಸುರಿಯುತ್ತಾರೆ. ಅದು ನೀರಿನ ಜೊತೆ ಗಾಡಿಯ ತಳದ ಸಂದಿ ಸಂದಿಗೆ ಹೋಗಿ ಕೂರುತ್ತದೆ. ಮೇಲೆ ಬಣ್ಣ ಫಳಫಳ, ಕೆಳಗೆ ಟೊಳ್ಳು. ಅದಕ್ಕೇ ಗಾಡಿ ನೋಡಲು ಹೋಗುವಾಗ ಒಂದು ರಟ್ಟಿನ ಹಾಳೆ, ಒಂದು ಸ್ಕ್ರೂ ಡ್ರೈವರ್ ತಗೊಂಡು ಹೋಗಿ. ರಟ್ಟು ಹಾಸಿ, ಬೆನ್ನಡಿ ಮಲಗಿ, ಫೋನಿನ ಟಾರ್ಚ್ ಹಾಕಿ ನೋಡಿ. ತಲೆ ಗಾಡಿಯಡಿ ಇಡುವ ಮುಂಚೆ ಅದು ಪಾರ್ಕಿಂಗ್ ಬ್ರೇಕ್ ಹಾಕಿಕೊಂಡು ಸಪಾಟು ನೆಲದಲ್ಲಿ ನಿಂತಿರಲಿ. ಜಾಕ್ ಮೇಲೆ ಎತ್ತಿದ ಗಾಡಿಯ ಕೆಳಗೆ ಮಾತ್ರ ಹೋಗಲೇಬೇಡಿ.

ಸೈಲೆನ್ಸರ್ ಮೇಲೆ, ಬೋಲ್ಟುಗಳ ಮೇಲೆ ಕಂದು ಪುಡಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಇಲ್ಲಿನ ಎಲ್ಲಾ ಗಾಡಿಗೂ ಇರುತ್ತದೆ. ಹಪ್ಪಳದ ಹಾಗೆ ಪದರ ಪದರ ಎದ್ದು ಬರುವ ತುಕ್ಕು ಕೆಟ್ಟದ್ದು. ಬಾಗಿಲ ಕೆಳಗಿನ ಉದ್ದ ಪಟ್ಟಿ, ಜಾಕ್ ಕೊಡುವ ಜಾಗ, ಎಂಜಿನ್ ಹೊತ್ತಿರುವ ಸಬ್‌ಫ್ರೇಮ್, ಹಿಂಬದಿ ಚಕ್ರದ ಮೇಲಿನ ಕಮಾನು, ಇವನ್ನು ಸ್ಕ್ರೂ ಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಟಣ್ ಅಂದರೆ ಸರಿ. ಮಂಕಾಗಿ ದೊಪ್ ಅಂದರೆ, ಪುಡಿ ಉದುರಿದರೆ ಎದ್ದು ಕೈ ಒರೆಸಿಕೊಂಡು ಥ್ಯಾಂಕ್ಸ್ ಹೇಳಿ ಬನ್ನಿ. ಹಿಂದಿನ ಚಕ್ರದವರೆಗೆ ಹೋಗುವ ತೆಳ್ಳನೆ ಬ್ರೇಕ್ ಲೈನುಗಳನ್ನೂ ನೋಡಿ. ಅದು ತುಕ್ಕು ತಿಂದು ತೂತಾದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಡಿಕ್ಕಿ ತೆಗೆದು ಸ್ಟೆಪ್ನಿ ಎತ್ತಿ, ಕೆಳಗೆ ನೀರು ನಿಂತ ಗುರುತಿದೆಯಾ ನೋಡಿ. ಹಳೇ ಗಾಡಿಯ ತಳಕ್ಕೆ ಮೊನ್ನೆ ಮೊನ್ನೆ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದರೆ ನನಗಂತೂ ಅನುಮಾನವೇ. ಮಾರುವ ವಾರ ಯಾರಿಗೂ ತಳದ ಮೇಲೆ ಸುಮ್ನೆ ಪ್ರೀತಿ ಹುಟ್ಟುವುದಿಲ್ಲ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಮುಂಚೆಯೇ ಓಡಿಸಿ ಇಟ್ಟಿದ್ದಾರೆ ಅಂತ ಅರ್ಥ, ಇನ್ನೊಂದು ದಿನ ಬರುತ್ತೇನೆ ಅನ್ನಿ. ಸೆಕೆ ಇದ್ದರೂ ಹೀಟರ್ ಪೂರ್ತಿ ಹಾಕಿ ನೋಡಿ, ಹಿಂಗಾಜಿನ ಡಿಫ್ರಾಸ್ಟರ್ ಕೂಡ. ಏಸಿಯೂ ಕೆಲಸ ಮಾಡಬೇಕು, ಚಳಿಯಲ್ಲಿ ಗಾಜಿನ ಮಬ್ಬು ಬೇಗ ಬಿಡಿಸುವುದು ಅದರ ಒಣ ಗಾಳಿಯೇ. ಮೈನಸ್ 18 ಡಿಗ್ರಿಯಲ್ಲಿ ಬ್ಯಾಟರಿಯ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಾಲ್ಕೈದು ವರ್ಷದ ಬ್ಯಾಟರಿ ಇದ್ದರೆ ನವೆಂಬರ್ ಮುಂಚೆಯೇ ಬದಲಿಸಿ.

ಇಷ್ಟೆಲ್ಲಾ ನೋಡಿದ ಮೇಲೂ ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ಗೆ ತೋರಿಸಿ. ಬೇಡ ಅನ್ನುವವರ ಗಾಡಿ ಬೇಡ. ಕಾನೂನು ಕಾಪಾಡುತ್ತದೆ ಅಂತ ಕೂರಬೇಡಿ. ನ್ಯೂಯಾರ್ಕ್‌ನಲ್ಲಿ ಹಳೇ ಕಾರಿಗೂ ಲೆಮನ್ ಲಾ, ಅಂದರೆ ಕೆಟ್ಟ ಗಾಡಿ ಕೊಂಡವರನ್ನು ಕಾಯುವ ಕಾನೂನು, ಇದೆ, ಆದರೆ ಅದು ಡೀಲರ್ ಹತ್ತಿರ ಕೊಂಡ, 1,00,000 ಮೈಲಿಯೊಳಗಿನ ಗಾಡಿಗೆ. 80,000 ದಾಟಿದ್ದರೆ ವಾರಂಟಿ 30 ದಿನ ಅಥವಾ 1,000 ಮೈಲಿ ಅಷ್ಟೇ. ನಿಮ್ಮ ಕೊರೊಲಾ 1,10,000 ಓಡಿದೆ, ಅಲ್ವಾ? ಅದಕ್ಕೆ ಅದೂ ಇಲ್ಲ.

ಆ ಕೊರೊಲಾ ಕೈ ತಪ್ಪಿದರೆ ಸಿವಿಕ್ ನೋಡಿ. ಪಾಂಟಿಯಾಕ್ ವೈಬ್ ಅಂತ ಒಂದಿದೆ, ಒಳಗೆಲ್ಲ ಟೊಯೊಟಾ ಮ್ಯಾಟ್ರಿಕ್ಸೇ. ಪಾಂಟಿಯಾಕ್ ಬ್ರ್ಯಾಂಡೇ 2010ರಲ್ಲಿ ಮುಚ್ಚಿಹೋದ ಕಾರಣ ಹೆಸರು ಗೊತ್ತಿಲ್ಲದವರು ಮುಟ್ಟುವುದಿಲ್ಲ, ಬೆಲೆಯೂ ಕಡಿಮೆ. ಜಾರುವಾಗ ಗಾಡಿಯನ್ನು ನೇರ ಮಾಡುವ ಸ್ಟೆಬಿಲಿಟಿ ಕಂಟ್ರೋಲ್ ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ ಎಲ್ಲಾ ಕಾರಿಗೂ ಕಡ್ಡಾಯ. ಅದಕ್ಕಿಂತ ಹಳೇದಾದರೆ ಇದೆಯಾ ಅಂತ ಕೇಳಿ ತಗೊಳ್ಳಿ. 2012ರಿಂದ 2016ರ ಆಟೊಮ್ಯಾಟಿಕ್ ಫೋರ್ಡ್ ಫೋಕಸ್, 2013ರಿಂದ 2016ರ ನಿಸ್ಸಾನ್ ಸೆಂಟ್ರಾ, ಆಲ್ಟಿಮಾ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. ಅವುಗಳ ಗೇರ್‌ಬಾಕ್ಸ್ ರಗಳೆ ಕೋರ್ಟಿನವರೆಗೂ ಹೋಗಿತ್ತು. ಹಳೇ ಬಿಎಂಡಬ್ಲ್ಯೂ ಅಗ್ಗಕ್ಕೆ ಸಿಗುತ್ತದೆ ಅಂತ ಆಸೆ ಪಡಬೇಡಿ. ಹಿಂದಿನ ಚಕ್ರ ಮಾತ್ರ ತಿರುಗುವ ಗಾಡಿ ಮೊದಲ ಚಳಿಗಾಲದವರಿಗೆ ಅಲ್ಲ.

ಕೊಂಡ ಮೇಲಿನ ಎರಡು ಮಾತು. ಗಾಜಿನ ಮೇಲೆ ಐಸ್ ಕಟ್ಟಿದೆ ಅಂತ ಬಿಸಿನೀರು ತಂದು ಹುಯ್ಯಬೇಡಿ, ಗಾಜು ಸೀಳುತ್ತದೆ. ಸ್ನೋ ರಾಶಿಯಲ್ಲಿ ಸಿಕ್ಕಿಕೊಂಡರೆ ಎಂಜಿನ್ ಓಡುತ್ತಿರುವಾಗ ಸೈಲೆನ್ಸರ್ ಬಾಯಿ ಮುಚ್ಚಿಲ್ಲ ಅಂತ ನೋಡಿಕೊಳ್ಳಿ. ಮುಚ್ಚಿದರೆ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಡಿಕ್ಕಿಯಲ್ಲಿ ಒಂದು ಸಲಿಕೆ ಇರಲಿ.

ಇನ್ನು ಈಗಲೋ, ಕಾಯುವುದೋ? ಸೆಪ್ಟೆಂಬರ್, ಅಕ್ಟೋಬರ್ ಒಳ್ಳೇ ಸಮಯ. ನೆಲ ಒಣಗಿರುತ್ತದೆ, ತಳ ನೋಡಲು ಸಲೀಸು. ಮೊದಲ ಸ್ನೋ ಬಿದ್ದ ದಿನ ಟೈರ್ ಅಂಗಡಿಗಳ ಮುಂದೆ ಜಾತ್ರೆ, ಅದಕ್ಕೇ ಅಕ್ಟೋಬರ್‌ನಲ್ಲೇ ಟೈಮ್ ತಗೊಳ್ಳಿ. ಅಷ್ಟರಲ್ಲಿ ಮನಸ್ಸಿಗೆ ಬಂದದ್ದು ಸಿಗದಿದ್ದರೆ ಕೆಟ್ಟದ್ದನ್ನು ಅವಸರಕ್ಕೆ ಕೊಳ್ಳಬೇಡಿ. ಈ ಚಳಿಗಾಲ ಯೂನಿವರ್ಸಿಟಿ ಬಸ್ಸಿನಲ್ಲಿ ಕಳೆಯಿರಿ. ಮೇ ತಿಂಗಳಲ್ಲಿ ಓದು ಮುಗಿಸಿ ಊರು ಬಿಡುವವರು ಕಾರು ಮಾರುತ್ತಾರೆ. ಗಾಡಿ ಇಲ್ಲಿ ಎಷ್ಟು ಚಳಿಗಾಲ ಕಂಡಿದೆ, ವರ್ಷಾವರ್ಷ ತಳಕ್ಕೆ ತುಕ್ಕು ತಡೆಯುವ ಎಣ್ಣೆ ಹೊಡೆಸಿದ್ದಾರಾ ಅಂತ ಅವರನ್ನು ಕೇಳಿ. ಟೆಕ್ಸಾಸಿಗೋ ಕ್ಯಾಲಿಫೋರ್ನಿಯಾಕ್ಕೋ ಕೆಲಸಕ್ಕೆ ಹೋಗುವವರಾದರೆ ವಿಂಟರ್ ಟೈರು ಅವರಿಗೆ ಬರೀ ಹೊರೆ. ಬೆಲೆ ಇಳಿಸದಿದ್ದರೂ ಅದನ್ನು ಜೊತೆಗೆ ಕೊಡಿ ಅಂತ ಕೇಳಿ, ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.