ರ‍್ಯಾಮ್ ಹಾಕಿದ ಮೇಲೆ ಕಂಪ್ಯೂಟರ್ ಕ್ರ್ಯಾಶ್ ಆಗ್ತಿದೆ, ಫಾರ್ಮ್ಯಾಟ್ ಮಾಡಿಸಲಾ?

ಪ್ರಶ್ನೆ: ನಮ್ಮ ಪಿಸಿಯಲ್ಲಿ 8 ಜಿಬಿ ಡಿಡಿಆರ್4 ರ‍್ಯಾಮ್ ಇತ್ತು. ಹೋದ ವಾರ ಇನ್ನೊಂದು 8 ಜಿಬಿ ತಂದು ಹಾಕಿದೆ. 16 ಜಿಬಿ ಅಂತಲೇ ತೋರಿಸುತ್ತೆ. ಆದರೆ ದಿನಕ್ಕೆ ಎರಡು ಮೂರು ಸಲ ನೀಲಿ ಪರದೆ ಬಂದು ತಾನಾಗೇ ರೀಸ್ಟಾರ್ಟ್ ಆಗುತ್ತೆ. ಸುಮ್ನೆ ಆನ್ ಮಾಡಿ ಇಟ್ಟಿದ್ದಾಗಲೂ ಹೀಗಾಗಿದೆ. ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಸಿ ಅಂತ ಗೊತ್ತಿದ್ದವರೊಬ್ಬರು ಹೇಳಿದರು. ಮಾಡಿಸಲಾ?

ಉತ್ತರ: ಸದ್ಯಕ್ಕೆ ಬೇಡ. ಹೋದ ವಾರದವರೆಗೆ ಚೆನ್ನಾಗಿ ನಡೆಯುತ್ತಿದ್ದ ವಿಂಡೋಸ್ ಮೇಲೆ ಮೊದಲೇ ಅನುಮಾನ ಪಡಬೇಕಿಲ್ಲ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ವಿಂಡೋಸ್ ಹಾಕುವಾಗ ಅದರ ಫೈಲುಗಳೆಲ್ಲ ರ‍್ಯಾಮ್ ಮೂಲಕ ಹಾದೇ ಡಿಸ್ಕಿಗೆ ಹೋಗುತ್ತವೆ. ಆ ರ‍್ಯಾಮೇ ತಪ್ಪು ಮಾಡುತ್ತಿದ್ದರೆ ಹೊಸ ವಿಂಡೋಸ್ ಕೂಡ ಕೆಟ್ಟೇ ಕೂರುತ್ತೆ. ದುಡ್ಡೂ ಹೋಯ್ತು, ಡೇಟಾನೂ ಹೋಯ್ತು ಅನ್ನುವ ಹಾಗಾಗುತ್ತೆ.

ಇದೇ ಕಾರಣಕ್ಕೆ ಇವತ್ತಿನಿಂದ ಆ ಪಿಸಿಯಲ್ಲಿ ಮುಖ್ಯವಾದ ಕೆಲಸ ಮಾಡಬೇಡಿ. ಕ್ರ್ಯಾಶ್ ಆಗುವುದು ಕಣ್ಣಿಗೆ ಕಾಣುತ್ತೆ. ಆದರೆ ರ‍್ಯಾಮ್ ತಪ್ಪಿದಾಗ ಒಂದು ಫೋಟೊ ಕಾಪಿ ಆಗುವಾಗಲೋ, ಲೆಕ್ಕದ ಶೀಟ್ ಸೇವ್ ಆಗುವಾಗಲೋ ಒಂದು ಅಂಕಿ ಸದ್ದಿಲ್ಲದೆ ಬದಲಾಗಬಹುದು. ಯಾವ ಎರರ್ ಕೂಡ ಬರುವುದಿಲ್ಲ. ಆರು ತಿಂಗಳ ಮೇಲೆ ಫೋಟೊ ತೆರೆದರೆ ಅರ್ಧ ಬೂದು ಬಣ್ಣ. ಬ್ಯಾಕಪ್ ತೆಗೆಯಬೇಕು ಅನ್ನಿಸಿದರೂ ಹೊಸ ಸ್ಟಿಕ್ (ರ‍್ಯಾಮ್ ಪಟ್ಟಿ) ಹೊರಗಿಟ್ಟು, ಹಳೆಯದೊಂದರಲ್ಲೇ ಪಿಸಿ ಓಡಿಸಿ ತೆಗೆಯಿರಿ.

ಮೊದಲ ಪರೀಕ್ಷೆಯೂ ಅದೇ. ಹೊಸ ಸ್ಟಿಕ್ ತೆಗೆದು ಎರಡು ದಿನ ನೋಡಿ. ಕ್ರ್ಯಾಶ್ ನಿಂತರೆ ತೊಂದರೆ ರ‍್ಯಾಮ್ ಕಡೆಯದು ಅಂತಾಯ್ತು. ಹಾಗಂತ ಹೊಸ ಸ್ಟಿಕ್ಕೇ ಕೆಟ್ಟಿದೆ ಅಂತಲ್ಲ. ಅದು ಸರಿಯಾಗಿ ಕೂತಿಲ್ಲದಿರಬಹುದು, ಅದನ್ನು ಸಿಕ್ಕಿಸುವ ಸ್ಲಾಟ್ ಹಾಳಾಗಿರಬಹುದು, ಅಥವಾ ಹಳೆಯದರ ಜೊತೆ ಅದಕ್ಕೆ ಹೊಂದಿಕೆ ಆಗದೇ ಇರಬಹುದು.

ಕೂತಿಲ್ಲದಿರುವುದು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ನನ್ನದೇ ಪಿಸಿಯಲ್ಲಿ ಹೀಗಾಗಿತ್ತು. ಆನ್ ಆಗುತ್ತಿತ್ತು, ಪೂರ್ತಿ ರ‍್ಯಾಮ್ ತೋರಿಸುತ್ತಿತ್ತು, ಒಂದು ಗಂಟೆ ಬಿಸಿಯಾದ ಮೇಲೆ ನೀಲಿ ಪರದೆ. ಮೂರು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಟಾರ್ಚ್ ಹಿಡಿದು ಪಕ್ಕದಿಂದ ನೋಡಿದರೆ ಸ್ಟಿಕ್ಕಿನ ಒಂದು ತುದಿ ಉಗುರಿನ ದಪ್ಪದಷ್ಟು ಮೇಲೆದ್ದಿತ್ತು. ಆ ಬೋರ್ಡಿನಲ್ಲಿ (ಎಲ್ಲ ಭಾಗಗಳೂ ಜೋಡಿಸಿರುವ ಮದರ್‌ಬೋರ್ಡ್) ಸ್ಟಿಕ್ ಹಿಡಿಯುವ ಕ್ಲಿಪ್ ಒಂದೇ ಕಡೆ. ಆ ಕಡೆ ಲಾಕ್ ಆಗಿದ್ದರಿಂದ ಎರಡೂ ಕಡೆ ಕೂತಿದೆ ಅಂದುಕೊಂಡಿದ್ದೆ. ಇನ್ನೊಂದು ತುದಿಯನ್ನು ಹೆಬ್ಬೆರಳಿನಲ್ಲಿ ಒತ್ತಿದೆ, ಟಕ್ ಅಂತು. ಅಲ್ಲಿಗೆ ಮುಗಿಯಿತು.

ನೀವೂ ಹೀಗೆ ನೋಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿಯಿರಿ. ಕ್ಯಾಬಿನೆಟ್‌ನ ಬರಿಯ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಹೋಗಲಿ. ಲ್ಯಾಪ್‌ಟಾಪ್ ಆದರೆ ಒಳಗಿನ ಬ್ಯಾಟರಿ ವೈರ್ ಕೂಡ ಬಿಡಿಸಬೇಕು. ಸ್ಟಿಕ್ಕಿನ ಚಿನ್ನದ ಬಣ್ಣದ ಅಂಚಿಗೆ ಬೆರಳ ಜಿಡ್ಡು ಅಂಟಿದ್ದರೆ ಒರೆಸಿ. ಪೆನ್ಸಿಲ್ ರಬ್ಬರಿನಲ್ಲಿ ಉಜ್ಜುವ ರೂಢಿ ಇದೆ. ಕೆಲಸವೂ ಆಗುತ್ತೆ, ಆದರೆ ಆ ಲೇಪ ತುಂಬ ತೆಳು. ರಬ್ಬರಿನ ಪುಡಿ ಸ್ಲಾಟ್ ಒಳಗೆ ಬಿದ್ದರೆ ಅದೇ ಹೊಸ ತೊಂದರೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ನಯವಾದ ಬಟ್ಟೆಯೇ ಒಳ್ಳೆಯದು. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದು ಸ್ಟಿಕ್ ಎರಡೇ ಇದ್ದರೆ, ಹೆಚ್ಚಿನ ಬೋರ್ಡುಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ನಿಮ್ಮ ಬೋರ್ಡಿನ ಮ್ಯಾನುಯಲ್ ನೋಡಿ ಖಚಿತ ಮಾಡಿಕೊಳ್ಳಿ.

ಇನ್ನೂ ಕ್ರ್ಯಾಶ್ ಆದರೆ ಹಳೆಯದನ್ನು ತೆಗೆದು, ಅದು ಚೆನ್ನಾಗಿ ನಡೆಯುತ್ತಿದ್ದ ಸ್ಲಾಟಿಗೇ ಹೊಸದೊಂದನ್ನೇ ಹಾಕಿ. ಮೆಮ್‌ಟೆಸ್ಟ್86 ಪ್ಲಸ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಪಿಸಿ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ಎರರ್ ಇದ್ದರೂ ಅದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಕೂಡ ಓಡಿಸಬಹುದು, ಆದರೆ ಅದು ಸರಿ ಅಂದ ಮಾತ್ರಕ್ಕೆ ನಂಬಿ ಕೂರಬೇಡಿ. ಒಳ್ಳೆಯ ಸ್ಲಾಟಿನಲ್ಲಿ, ಮಾಮೂಲಿ ಸ್ಪೀಡಿನಲ್ಲಿ, ಒಂಟಿಯಾಗಿದ್ದಾಗಲೂ ಹೊಸ ಸ್ಟಿಕ್ ಎರರ್ ಕೊಟ್ಟರೆ ಬಿಲ್ ಹಿಡಿದು ವಾರಂಟಿಗೆ ಹೋಗಿ. ಅದರ ಮೇಲಿನ ಸ್ಟಿಕ್ಕರ್ ಮಾತ್ರ ಕೀಳಬೇಡಿ.

ಎರಡೂ ಸ್ಟಿಕ್ ಒಂಟಿಯಾಗಿ ಪಾಸಾಗಿ, ಜೊತೆಯಲ್ಲಿ ಹಾಕಿದಾಗ ಫೇಲ್ ಆದರೆ? ನಿಮ್ಮ ಕತೆ ಇದೇ ಇರಬಹುದು ಅಂತ ನನ್ನ ಊಹೆ. ಪ್ರತಿ ಸ್ಟಿಕ್ಕಿನಲ್ಲೂ ಒಂದು ಪುಟ್ಟ ಚಿಪ್ ಇರುತ್ತೆ. ತನ್ನ ಸ್ಪೀಡ್ ಎಷ್ಟು, ಟೈಮಿಂಗ್ (ಕೇಳಿದ ಡೇಟಾ ಕೊಡಲು ಹಿಡಿಯುವ ಸಮಯ) ಏನು ಅಂತ ಅದು ಬೋರ್ಡಿಗೆ ಹೇಳುತ್ತೆ. ಬೋರ್ಡು ಎರಡನ್ನೂ ಓದಿ, ಇಬ್ಬರಿಗೂ ಆಗುವ ಲೆಕ್ಕವನ್ನು ಹಿಡಿಯುತ್ತೆ. ಹಳೆಯದು 2400, ಹೊಸದು 3200 ಆದರೆ ಎರಡೂ 2400ರಲ್ಲೇ ಓಡುತ್ತವೆ. ಜೋಡೆತ್ತಿನ ಹಾಗೆ, ನಿಧಾನದ್ದರ ಹೆಜ್ಜೆಗೆ ಇನ್ನೊಂದು ಹೊಂದಿಕೊಳ್ಳಬೇಕು. ಇದು ದೋಷ ಅಲ್ಲ.

ತೊಂದರೆ ಶುರುವಾಗುವುದು ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಇದ್ದಾಗ. ಬಯಾಸ್ ಅಂದರೆ ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡಿನ ಸೆಟ್ಟಿಂಗ್ ಇರುವ ಪ್ರೋಗ್ರಾಂ. ಎಕ್ಸ್‌ಎಂಪಿ ಅಂದರೆ ರ‍್ಯಾಮನ್ನು ಮಾಮೂಲಿಗಿಂತ ವೇಗವಾಗಿ ಓಡಿಸಲು ಸ್ಟಿಕ್ಕಿನಲ್ಲೇ ಬರೆದಿಟ್ಟ ಸೆಟ್ಟಿಂಗ್. ಡಿಡಿಆರ್4ರ ಮಾಮೂಲಿ ವೋಲ್ಟೇಜ್ 1.2. ಎಕ್ಸ್‌ಎಂಪಿ ಹಾಕಿದರೆ ಸಾಮಾನ್ಯವಾಗಿ 1.35ಕ್ಕೆ ಏರುತ್ತೆ, ಸ್ಪೀಡೂ ಏರುತ್ತೆ. ಒಂದು ಸ್ಟಿಕ್ಕಿಗೆ ಬರೆದಿಟ್ಟ ಆ ಲೆಕ್ಕ ಇನ್ನೊಂದಕ್ಕೆ ಆಗಿಬರಬೇಕು ಅಂತೇನಿಲ್ಲ. ಒಂದೇ ಬ್ರ್ಯಾಂಡ್, ಒಂದೇ ಮಾಡೆಲ್ ಆದರೂ ಬೇರೆ ಬೇರೆ ಕಾಲದಲ್ಲಿ ತಯಾರಾದವುಗಳ ಒಳಗಿನ ಚಿಪ್ ಬೇರೆ ಇರಬಹುದು. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆಫ್ ಮಾಡಿ. ಕ್ರ್ಯಾಶ್ ನಿಂತರೆ ಹಾಗೇ ಬಿಡಿ. ಆಫೀಸ್ ಕೆಲಸ, ಮಕ್ಕಳ ಓದು, ಬ್ರೌಸರ್ ಇಷ್ಟಕ್ಕೆ ಆ ಸ್ಪೀಡಿನ ವ್ಯತ್ಯಾಸ ನಿಮಗೆ ಗೊತ್ತೂ ಆಗುವುದಿಲ್ಲ. ಆಗಲೂ ನಿಲ್ಲದಿದ್ದರೆ, ಜೋಡಿಯಾಗಿ ಟೆಸ್ಟ್ ಮಾಡಿ ಒಂದೇ ಪ್ಯಾಕಿನಲ್ಲಿ ಮಾರುವ ಎರಡು 8 ಜಿಬಿ ಕಿಟ್ ತೆಗೆದುಕೊಳ್ಳಿ. ಖರ್ಚು ಸ್ವಲ್ಪ ಜಾಸ್ತಿ, ಆದರೆ ನಾನಾದರೆ ಅದನ್ನೇ ಮಾಡುತ್ತೇನೆ.

ಹಳೆಯ ಲ್ಯಾಪ್‌ಟಾಪ್ ಇರುವವರಿಗೆ ಒಂದು ಮಾತು. ಹಿಂದಿನ ಪೀಳಿಗೆಯ ಡಿಡಿಆರ್3 ಮತ್ತು ಡಿಡಿಆರ್3ಎಲ್ ರ‍್ಯಾಮ್ ನೋಡಲು ಒಂದೇ ಥರ, ಸ್ಲಾಟೂ ಒಂದೇ. ಮೊದಲನೆಯದಕ್ಕೆ 1.5 ವೋಲ್ಟ್, ಎರಡನೆಯದಕ್ಕೆ 1.35. ಎಲ್ ಬೇಕಾದ ಕಡೆ ಸಾದಾ ಹಾಕಿದರೆ ಲ್ಯಾಪ್‌ಟಾಪ್ ಆನ್ ಆಗದೇ ಇರಬಹುದು, ಆನ್ ಆದರೂ ನೆಟ್ಟಗೆ ನಡೆಯದೇ ಇರಬಹುದು. ಡಿಡಿಆರ್4ರ ನಂತರದ ಪೀಳಿಗೆಯ ಡಿಡಿಆರ್5 ಹಾಕಿದವರು ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಗಿದ್ದರೆ ಗಾಬರಿಯಾಗಿ ಕರೆಂಟ್ ತೆಗೆಯಬೇಡಿ. ಬೋರ್ಡು ರ‍್ಯಾಮಿಗೆ ಹೊಂದಿಕೊಳ್ಳುತ್ತಿರುತ್ತೆ.

ಬಯಾಸ್ ಅಪ್‌ಡೇಟ್‌ನಿಂದಲೂ ಕೆಲವೊಮ್ಮೆ ಸರಿಹೋಗುತ್ತೆ. ಅದನ್ನು ಒಳ್ಳೆಯ ಸ್ಟಿಕ್ ಒಂದನ್ನೇ ಇಟ್ಟುಕೊಂಡು, ಯುಪಿಎಸ್ ಇರುವಾಗ ಮಾಡಿ. ಕ್ರ್ಯಾಶ್ ಆಗುವ ಪಿಸಿಯಲ್ಲಿ ಖಂಡಿತ ಬೇಡ.

ಹಳೆಯ ಸ್ಟಿಕ್ ಒಂದೇ ಇದ್ದಾಗಲೂ ಕ್ರ್ಯಾಶ್ ಆದರೆ, ಕ್ಯಾಬಿನೆಟ್ ತೆರೆದಾಗ ಕೈ ತಾಗಿ ಏನಾದರೂ ಸಡಿಲವಾಗಿದೆಯಾ ನೋಡಿ. ಡಿಸ್ಕಿನ ಕೇಬಲ್, ಗ್ರಾಫಿಕ್ಸ್ ಕಾರ್ಡ್, ಪವರ್ ಕನೆಕ್ಟರ್ ಎಲ್ಲ ಒಮ್ಮೆ ಒತ್ತಿ.

ಎಲ್ಲ ಸರಿಹೋದ ಮೇಲೆ ವಿಂಡೋಸ್‌ನ ಸಿಸ್ಟಂ ಫೈಲ್ ಚೆಕರ್ ಓಡಿಸಿ. ಈ ವಾರದಲ್ಲಿ ಕೆಟ್ಟ ಫೈಲು ಇದ್ದರೆ ಹುಡುಕಿ ಸರಿ ಮಾಡುತ್ತೆ. ಅದರ ಕೈಲಿ ಆಗದಿದ್ದರೆ ಆಗ ಫಾರ್ಮ್ಯಾಟ್ ಮಾಡಿಸಿ, ಆಗ ಅದು ಸರಿಯಾದ ಕೆಲಸ. ನೀವು ಸೇವ್ ಮಾಡಿದ ಫೈಲುಗಳನ್ನು ಮಾತ್ರ ಅದು ನೋಡುವುದಿಲ್ಲ. ಹೊಸ ರ‍್ಯಾಮ್ ಹಾಕಿದ ದಿನದಿಂದ ಸೇವ್ ಮಾಡಿದ್ದು, ಕಾಪಿ ಮಾಡಿದ್ದನ್ನೆಲ್ಲ ಒಂದೊಂದಾಗಿ ನೀವೇ ತೆರೆದು ನೋಡಿ. ಮೊಬೈಲಿನಲ್ಲೋ ಕ್ಯಾಮೆರಾದಲ್ಲೋ ಇರುವ ಮೂಲ ಫೋಟೊಗಳನ್ನು ಅಲ್ಲಿಯವರೆಗೆ ಅಳಿಸಬೇಡಿ.