ಸೆಲ್ಫ್-ಕೇರ್ ಅಸೆಸ್‌ಮೆಂಟ್: "ಸ್ನಾನ ಮಾಡ್ತೀರಾ" ಅಂತ ಕೇಳಿದ್ರೆ ಸಾಲಲ್ಲ

ನರ್ಸಿಂಗ್ ಥಿಯರಿ ಪೇಪರ್‌ಗೆ ಓರೆಮ್ ಅವರ ಸೆಲ್ಫ್-ಕೇರ್ ಥಿಯರಿ (ಪೇಷೆಂಟ್ ತನ್ನ ಆರೈಕೆ ತಾನೇ ಎಷ್ಟು ಮಾಡ್ಕೊಳ್ತಾರೆ ಅನ್ನೋದು) ಬಾಯಿಪಾಠ ಮಾಡಿದ್ರೆ ಮಾರ್ಕ್ಸ್ ಬಂದುಬಿಡುತ್ತೆ, ವಾರ್ಡಲ್ಲಿ ಪೇಷೆಂಟ್ ಮುಂದೆ ನಿಂತಾಗ ಏನು ಕೇಳ್ಬೇಕು ಅಂತಾನೇ ತೋಚಲ್ಲ. ನನ್ನ ಮೊದಲನೇ ಕೇರ್ ಪ್ಲಾನ್‌ನಲ್ಲಿ ಒಬ್ಬ ಅಜ್ಜನಿಗೆ "ಸ್ನಾನ: ಇಂಡಿಪೆಂಡೆಂಟ್" ಅಂತ ಬರೆದಿದ್ದೆ, ಯಾಕಂದ್ರೆ "ಸ್ನಾನ ಮಾಡ್ತೀರಾ ಅಜ್ಜ" ಅಂದಿದ್ದಕ್ಕೆ "ಹೂಂ ಕಣಮ್ಮ, ದಿನಾ ಮಾಡ್ತೀನಿ" ಅಂದಿದ್ರು. ಮೇಡಂ ಬಂದು ಒಂದೇ ಪ್ರಶ್ನೆ ಕೇಳಿದ್ರು, "ನೀರು ಯಾರು ಹುಯ್ಯೋದು ಅಜ್ಜ?" ಮಗ ಹಿಡ್ಕೊಂಡು ಹೋಗಿ ಕೂರಿಸ್ತಾನಂತೆ, ಅವನೇ ಹುಯ್ದು ಸೋಪು ಹಚ್ತಾನಂತೆ, ಅಜ್ಜನ ಕೆಲಸ ಸ್ಟೂಲ್ ಮೇಲೆ ಕೂರೋದು ಅಷ್ಟೆ. ನಮ್ಮ ಮಾತಲ್ಲಿ "ಸ್ನಾನ ಮಾಡ್ದೆ" ಅಂದ್ರೆ ಮೈಗೆ ನೀರು ಬಿತ್ತು ಅಂತ ಮಾತ್ರ, ಯಾರು ಹುಯ್ದ್ರು ಅನ್ನೋದು ಅದ್ರಲ್ಲಿ ಇರಲ್ಲ. "ಊಟ ಆಯ್ತಾ"ನೂ ಹಂಗೇ, ಅದು ನಮಸ್ಕಾರ ಇದ್ದಂಗೆ, ಎರಡು ದಿನ ಏನೂ ತಿನ್ನದವರೂ "ಆಯ್ತಮ್ಮ, ನಿಂದು?" ಅಂತಾರೆ. ಎಷ್ಟು ಇಡ್ಲಿ, ಯಾರು ತಿನ್ನಿಸಿದ್ರು, ಮಿಕ್ಕಿದ್ದೆಷ್ಟು ಅಂತ ಕೇಳಿದ್ರೆ ಮಾತ್ರ ಡೇಟಾ ಸಿಗುತ್ತೆ.

ಥಿಯರಿ ಬೇಗ ಮುಗಿಸ್ತೀನಿ. ಡೊರೊಥಿಯಾ ಓರೆಮ್ ಅಮೆರಿಕದ ನರ್ಸ್, ಬಾಲ್ಟಿಮೋರ್‌ನವರು, ಈ ಥಿಯರಿ ಇರೋ ಅವರ ಪುಸ್ತಕ 1971ರಲ್ಲಿ ಬಂತು. ಆ ಮನುಷ್ಯನಿಗೆ ಈಗ ಎಷ್ಟು ಆರೈಕೆ ಬೇಕು ಅನ್ನೋದು ಒಂದು ಕಡೆ, ಅದನ್ನ ತಾನೇ ಮಾಡ್ಕೊಳ್ಳೋ ಶಕ್ತಿ ಇನ್ನೊಂದು ಕಡೆ, ಬೇಕಾಗಿರೋದಕ್ಕಿಂತ ಶಕ್ತಿ ಕಮ್ಮಿ ಇದ್ರೆ ಅದೇ ಡೆಫಿಸಿಟ್, ನರ್ಸ್ ಕೆಲಸ ಶುರುವಾಗೋದು ಅಲ್ಲಿಂದ. ಬೇಕುಗಳು ಮೂರು ಥರ. ಯೂನಿವರ್ಸಲ್ ಎಲ್ಲರಿಗೂ ಇರೋದು, ಎಂಟು: ಗಾಳಿ, ನೀರು, ಆಹಾರ, ವಿಸರ್ಜನೆ, ಓಡಾಟ-ವಿಶ್ರಾಂತಿ, ಏಕಾಂತ-ಜನರ ಒಡನಾಟ, ಅಪಾಯದಿಂದ ರಕ್ಷಣೆ, ನಾರ್ಮಲ್ಸಿ. ಡೆವಲಪ್‌ಮೆಂಟಲ್ ವಯಸ್ಸಿನ ಜೊತೆ ಬರೋದು, ಹೆಲ್ತ್ ಡೀವಿಯೇಷನ್ ಕಾಯಿಲೆ ಜೊತೆ ಬರೋದು. ಎಕ್ಸಾಮಲ್ಲಿ ಎಲ್ಲರೂ ಮರೆಯೋದು ನಾರ್ಮಲ್ಸಿ, ನಾಲ್ಕು ಜನರ ಥರ ತಾನೂ ಇರ್ಬೇಕು ಅನ್ನೋ ಆಸೆ ಅಂತ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಪೇಷೆಂಟ್ ಯಾವುದಾದ್ರೂ ಕೆಲಸ ಮಾಡ್ಕೊಳ್ತಿಲ್ಲ ಅಂದ್ರೆ ನಾನು ನೋಡೋದು, ಆಗಲ್ವಾ, ಗೊತ್ತಿಲ್ವಾ, ಇಲ್ಲಾ ಮನೆಯವರು ಬಿಡಲ್ವಾ ಅಂತ. ಆಗಲ್ಲ ಅಂದ್ರೆ ಪೂರ್ತಿನೋ ಅರ್ಧನೋ ನಾವೇ ಮಾಡ್ಬೇಕು, ಗೊತ್ತಿಲ್ಲ ಅಂದ್ರೆ ಕಲಿಸ್ಬೇಕು, ಬಿಡಲ್ಲ ಅಂದ್ರೆ ಮಾತಾಡ್ಬೇಕಾಗಿರೋದು ಜೊತೆಗಿರೋ ಮನೆಯವರ ಹತ್ರ. ನಮ್ಮ ವಾರ್ಡ್‌ಗಳಲ್ಲಿ ಈ ಮೂರನೇದೇ ಜಾಸ್ತಿ, ಪ್ರೀತಿಗೆ ಎಲ್ಲಾ ಅವರೇ ಮಾಡಿಬಿಡ್ತಾರೆ, ಪೇಷೆಂಟ್‌ಗೆ ನಿಜವಾಗ್ಲೂ ಎಷ್ಟು ಆಗುತ್ತೆ ಅಂತ ಯಾರಿಗೂ ಗೊತ್ತೇ ಆಗಲ್ಲ.

ಎಳೆ ಮಗು ವಿಷಯದಲ್ಲಿ ಅಸೆಸ್ ಮಾಡೋದು ಅಮ್ಮನ್ನ. ಮಗುವಿನ ಎಲ್ಲಾ ಬೇಕುಗಳನ್ನೂ ಪೂರೈಸೋದು ಅವಳೇ, ಇದಕ್ಕೆ ಓರೆಮ್ ಹೇಳೋ ಹೆಸರು ಡಿಪೆಂಡೆಂಟ್-ಕೇರ್ ಏಜೆನ್ಸಿ. ಹಾಲು ಸಾಲ್ತಿದ್ಯಾ ಅಂತ ಕೇಳಿದ್ರೆ "ಸಾಲ್ತಿಲ್ಲ ಸಿಸ್ಟರ್" ಅಂತ್ಲೇ ಉತ್ತರ ಬರೋದು, ಅದ್ರ ಬದಲು ಒಂದು ದಿನಕ್ಕೆ ಎಷ್ಟು ಸಲ ಬಟ್ಟೆ ಒದ್ದೆ ಮಾಡುತ್ತೆ ಕೇಳಿ, ಮೊದಲ ವಾರ ಕಳೆದ ಮೇಲೆ 6 ಸಲಕ್ಕಿಂತ ಕಮ್ಮಿ ಇಲ್ಲ, ತೂಕನೂ ಏರ್ತಿದೆ ಅಂದ್ರೆ ಹಾಲು ಸಾಲ್ತಿದೆ. ಅಜ್ಜಿ ಜೇನುತುಪ್ಪ ನೆಕ್ಕಿಸಿದ್ದಾರಾ ಅಂತಾನೂ ಕೇಳಿ, ಬಾಟುಲಿಸಂ (ಒಂದು ಬ್ಯಾಕ್ಟೀರಿಯಾದ ವಿಷದಿಂದ ಬರೋ ಕಾಯಿಲೆ) ಭಯಕ್ಕೆ 1 ವರ್ಷ ತುಂಬೋವರೆಗೂ ಜೇನು ಕೊಡಂಗಿಲ್ಲ. ಬಾಣಂತಿಯ ಸ್ವಂತ ಬೇಕುಗಳನ್ನ ಮರೀಬೇಡಿ, ಕೆಲವು ಮನೇಲಿ ಬಾಣಂತಿಗೆ ನೀರು ಅಳೆದು ಕೊಡ್ತಾರೆ, ಹಾಲು ಕುಡಿಸೋಳಿಗೆ ನೀರೇ ಇಲ್ಲ! ಇದು ಗೊತ್ತಿಲ್ಲ ಕೇಸ್ ಅಲ್ಲ, ಬಿಡಲ್ಲ ಕೇಸ್, ಹಾಗಾಗಿ ಹೆಲ್ತ್ ಎಜುಕೇಷನ್ ಕೊಡ್ಬೇಕಾಗಿರೋದು ಅತ್ತೆಗೋ ಅಮ್ಮಂಗೋ.

ಎರಡು-ಮೂರು ವರ್ಷದ ಮಕ್ಕಳು ಆಸ್ಪತ್ರೆಗೆ ಬಂದ ತಕ್ಷಣ ಒಂದು ಮೆಟ್ಟಿಲು ಹಿಂದಕ್ಕೆ ಹೋಗ್ತವೆ. ಮನೇಲಿ ಹೇಳಿ ಒಂದಕ್ಕೆ ಹೋಗ್ತಿದ್ದ ಮಗು ಇಲ್ಲಿ ಹಾಸಿಗೇಲಿ ಮಾಡ್ಕೊಳ್ಳುತ್ತೆ, ಅದು ರಿಗ್ರೆಷನ್, ಡೆಫಿಸಿಟ್ ಅಂತ ಬರೆಯೋಕೆ ಮುಂಚೆ ಮನೇಲಿ ಹೇಗಿತ್ತು ಕೇಳಿ, ಆ ಮಗು ಒಂದಕ್ಕೆ-ಎರಡಕ್ಕೆ ಏನಂತ ಹೇಳುತ್ತೆ ಅನ್ನೋ ಪದಾನೂ ಬರ್ಕೊಳ್ಳಿ, ನೈಟ್ ಡ್ಯೂಟಿಯವರಿಗೆ ಗೊತ್ತಿರ್ಬೇಕು.

ಹದಿವಯಸ್ಸಿಗೆ ಮೊದಲ ಸ್ಟೆಪ್, ಅಮ್ಮನ್ನ ಸ್ವಲ್ಪ ಆಚೆ ಕಳಿಸೋದು. ಟೈಪ್ 1 ಡಯಾಬಿಟಿಸ್ ಇರೋ 13 ವರ್ಷದ ಹುಡುಗಿ ಅಂತ ಇಟ್ಕೊಳ್ಳಿ, ಇನ್ಸುಲಿನ್ ಚುಚ್ಕೊಳ್ಳೋಕೆ ಬರುತ್ತೆ, ಶುಗರ್ 70ಕ್ಕಿಂತ ಕೆಳಗೆ ಹೋದ್ರೆ 15 ಗ್ರಾಂ ಸಕ್ಕರೆ ಅಂಶ ತಗೊಂಡು 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡ್ಬೇಕು ಅಂತಾನೂ ಗೊತ್ತು, ಆದ್ರೂ ಸ್ಕೂಲಲ್ಲಿ ಮಧ್ಯಾಹ್ನದ ಡೋಸ್ ತಪ್ಪಿಸ್ತಾಳೆ. ಕೈಗೂ ಆಗುತ್ತೆ, ತಲೆಗೂ ಗೊತ್ತು, ಗೆಳತಿಯರ ಮುಂದೆ ಬೇರೆ ಥರ ಕಾಣಿಸ್ಬಾರ್ದು ಅಷ್ಟೆ. ನೋಡಿ, ನಾರ್ಮಲ್ಸಿ ಬಂತು. ಮುಟ್ಟಿನ ಬಗ್ಗೆ ಕೇಳುವಾಗ ಭಾಷೆ ಹುಷಾರು, ಒಬ್ಬಳಿಗೆ ಡೇಟ್, ಇನ್ನೊಬ್ಬಳಿಗೆ ಹೊರಗಾಗೋದು, "ಹೊರಗಡೆ ಹೋಗೋದು" ಅಂದ್ರೆ ಪೂರ್ತಿ ಬೇರೆ ಅರ್ಥ, ನಾನು ಒಂದ್ಸಲ ಗಲಿಬಿಲಿ ಮಾಡ್ಕೊಂಡಿದೀನಿ.

ದೊಡ್ಡವರಲ್ಲಿ ನಂಗೆ ಪಾಠ ಆಗಿದ್ದು ಸ್ಟ್ರೋಕ್ ಹೊಡೆದು ಬಲಗೈ ಬಲಹೀನ ಆಗಿದ್ದ ಒಬ್ಬರು ಅಣ್ಣನಿಂದ, ಐವತ್ತರ ಆಸುಪಾಸು. ಎಡಗೈಲಿ ಸ್ಪೂನ್ ಹಿಡಿಯೋಕೆ ಚೆನ್ನಾಗೇ ಆಗ್ತಿತ್ತು, ಬಾರ್ಥೆಲ್ ಸ್ಕೇಲ್ (ದಿನನಿತ್ಯದ ಕೆಲಸ ಎಷ್ಟು ತಾನೇ ಮಾಡ್ಕೊಳ್ತಾರೆ ಅಂತ ಅಳೆಯೋದು) ಪ್ರಕಾರ ಊಟಕ್ಕೆ 10ಕ್ಕೆ 10 ಕೊಡ್ಬಹುದು ಅನ್ಕೊಂಡೆ, ತಟ್ಟೆ ಮಾತ್ರ ಹಂಗೇ ವಾಪಸ್ ಬರ್ತಿತ್ತು. ಹೆಂಡತಿ ತಿನ್ನಿಸಿದ್ರೆ ನಾಲ್ಕು ತುತ್ತು, ಅದೂ ಪಕ್ಕದ ಬೆಡ್‌ನವರು ನೋಡ್ತಿಲ್ಲ ಅಂದ್ರೆ. ಮೂರನೇ ದಿನ ಹೇಳಿದ್ರು, "ಎಡಗೈಲಿ ಹೆಂಗಮ್ಮ ಅನ್ನ ತಿನ್ನೋದು?" ನಾನು ನೋಡಿದ್ದು ಕೈಯ ಬಲ ಮಾತ್ರ, ಎಡಗೈ ನಮ್ಮಲ್ಲಿ ಯಾವುದಕ್ಕೆ ಅನ್ನೋದು ತಲೆಗೇ ಬಂದಿರಲಿಲ್ಲ. ಸ್ಕ್ರೀನ್ ಎಳೆದು, ಸ್ಪೂನ್ ಕೊಟ್ಟು ಕೂರಿಸಿದ ಮೇಲೆ ನಿಧಾನಕ್ಕೆ ತಿನ್ನೋಕೆ ಶುರು ಮಾಡಿದ್ರು.

ವಯಸ್ಸಾದವರಿಗೆ ಸ್ಕೇಲ್‌ಗಳು ಬೇಕೇ ಬೇಕು, ಒಳಗಿನ ರೂಲ್ ಓದ್ಕೊಂಡು ಬಳಸಿ. ಕಾಟ್ಜ್ ಸ್ಕೇಲ್‌ನಲ್ಲಿ 6 ಕೆಲಸ, ಒಂದೊಂದಕ್ಕೆ 1 ಪಾಯಿಂಟ್, ಅದ್ರಲ್ಲಿ ಬೆನ್ನು ಮಾತ್ರ ಬೇರೆಯವರು ಉಜ್ಜಿದ್ರೆ ಸ್ನಾನಕ್ಕೆ 1 ಸಿಗುತ್ತೆ, ನನ್ನ ಅಜ್ಜನ ಥರ ಎಲ್ಲಾ ಮಗನೇ ಮಾಡಿದ್ರೆ 0. ಬಾರ್ಥೆಲ್ 10 ಐಟಂ, ಒಟ್ಟು 100. ಲಾಟನ್ ಸ್ಕೇಲ್ ಫೋನು, ಅಂಗಡಿ, ಅಡುಗೆ, ದುಡ್ಡು, ಮಾತ್ರೆ ಇಂಥ 8 ಕೆಲಸ ನೋಡುತ್ತೆ, ಜೀವಮಾನದಲ್ಲಿ ಒಲೆ ಹಚ್ಚದ ಗಂಡಸಿಗೆ ಅಡುಗೆ ಐಟಂನಲ್ಲಿ ಸೊನ್ನೆ ಕೊಟ್ರೆ ಅದು ಕಾಯಿಲೆ ಅಲ್ಲ, ಅಭ್ಯಾಸ. ಟಾಯ್ಲೆಟ್ ಬಗ್ಗೆ ಕೇಳುವಾಗ ಮನೇಲಿರೋದು ಇಂಡಿಯನ್ನಾ ವೆಸ್ಟರ್ನಾ ಕೇಳಿ, ವಾರ್ಡ್ ಕಮೋಡ್‌ನಲ್ಲಿ ಆರಾಮಾಗಿ ಕೂತೇಳೋ ಅಜ್ಜಿ ಮನೇಲಿ ಕುಕ್ಕರಗಾಲಲ್ಲಿ ಕೂತ್ರೆ ಏಳೋಕೆ ಆಗಲ್ಲ. ರಾತ್ರಿ ಏಳ್ಬೇಕಾಗುತ್ತೆ ಅಂತ ಸಂಜೆಯಿಂದ ನೀರೇ ಮುಟ್ಟದವರೂ ಇದಾರೆ, ಮಲಬದ್ಧತೆ ಯಾಕೆ ಅಂತ ಅಲ್ಲೇ ಗೊತ್ತಾಗುತ್ತೆ. ಮಾತ್ರೆ ತಗೋತೀರಾ ಅಂತ ಕೇಳೋ ಬದಲು ಸ್ಟ್ರಿಪ್ ಇಸ್ಕೊಂಡು ಎಣಿಸಿ.

ನರ್ಸಿಂಗ್ ಡಯಾಗ್ನೋಸಿಸ್ ಬರೆಯುವಾಗ "ಸೆಲ್ಫ್-ಕೇರ್ ಡೆಫಿಸಿಟ್, ಸ್ಟ್ರೋಕ್‌ಗೆ ಸಂಬಂಧಿಸಿದ್ದು" ಅಂತ ಬರೆದ್ರೆ ಕೆಂಪು ಇಂಕ್ ಗ್ಯಾರಂಟಿ, ಕಾಯಿಲೆ ಹೆಸರು ಕಾರಣ ಆಗಲ್ಲ. ಆ ಅಣ್ಣನಿಗೆ ನಾನು ಕೊನೆಗೆ ಬರೆದಿದ್ದು ಹೀಗೆ: ಫೀಡಿಂಗ್ ಸೆಲ್ಫ್-ಕೇರ್ ಡೆಫಿಸಿಟ್, ಬಲಗೈ ಬಲಹೀನತೆ ಹಾಗೂ ಎಡಗೈಲಿ ಊಟ ಮಾಡೋಕೆ ಮುಜುಗರಕ್ಕೆ ಸಂಬಂಧಿಸಿದ್ದು, ಸಾಕ್ಷಿ: ಮಧ್ಯಾಹ್ನದ ಊಟದಲ್ಲಿ ಮುಕ್ಕಾಲು ಭಾಗ ವಾಪಸ್, "ಎಡಗೈಲಿ ಹೆಂಗಮ್ಮ" ಅಂತ ಪೇಷೆಂಟ್ ಹೇಳಿದ್ದು.