ಐಸಿಯು ಹಾಸಿಗೆಯ ಪಕ್ಕದಲ್ಲಿ ಹುಟ್ಟುವ ಪ್ರಶ್ನೆ

ವೆಂಟಿಲೇಟರ್ ಮೇಲಿರುವ ರೋಗಿಗೆ ಒಂದೊಂದು ಉಸಿರಿಗೆ ಎಷ್ಟು ಗಾಳಿ ಕೊಡಬೇಕೆಂಬುದನ್ನು ನಿರ್ಧರಿಸಲು ಆತನ ತೂಕ ನೋಡಿದರೆ ಸಾಲದು, ಎತ್ತರ ನೋಡಬೇಕು. ಮೈಯಲ್ಲಿ ಕೊಬ್ಬು ಹೆಚ್ಚಿದ ಮಾತ್ರಕ್ಕೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. 170 ಸೆಂ.ಮೀ. ಎತ್ತರದ ಗಂಡಸು 90 ಕಿಲೋ ತೂಗಿದರೂ ಎತ್ತರಕ್ಕೆ ತಕ್ಕಂತೆ ಲೆಕ್ಕಕ್ಕೆ ಹಿಡಿಯಬೇಕಾದ ತೂಕ ಸುಮಾರು 66 ಕಿಲೋ ಮಾತ್ರ. ಕಿಲೋಗೆ 6 ಮಿ.ಲೀ.ನಂತೆ ಆತನಿಗೆ ಸಲ್ಲಬೇಕಾದದ್ದು ಸುಮಾರು 400 ಮಿ.ಲೀ.; ತೂಕವನ್ನೇ ನಂಬಿದರೆ 540 ಮಿ.ಲೀ. ಒಳಹೋಗುತ್ತದೆ. ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದು 2000ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶ್ವಾಸಕೋಶಕ್ಕೆ ತೀವ್ರ ಹಾನಿಯಾದವರಿಗೆ ಕಿಲೋಗೆ 12ರ ಬದಲು 6 ಮಿ.ಲೀ. ಗಾಳಿ ಕೊಟ್ಟಾಗ ಸಾವಿನ ಪ್ರಮಾಣ ಶೇ. 39.8ರಿಂದ 31ಕ್ಕೆ ಇಳಿದಿತ್ತು.

ಹಾಗಾದರೆ ನಮ್ಮ ಘಟಕದಲ್ಲಿ ಎಷ್ಟು ರೋಗಿಗಳ ಎತ್ತರ ಅಳೆದಿದ್ದೇವೆ? ರಾತ್ರಿ ಪಾಳಿಯ ರೆಸಿಡೆಂಟ್ (ಸ್ನಾತಕೋತ್ತರ ತರಬೇತಿಯಲ್ಲಿರುವ) ವೈದ್ಯೆಯೊಬ್ಬರಿಗೆ ಈ ಪ್ರಶ್ನೆ ಹೊಳೆಯಿತೆನ್ನಿ. ಅದಕ್ಕೆ ಬೇಕಾದ ಉಪಕರಣವೆಂದರೆ ಒಂದು ಅಳತೆ ಟೇಪು. ಆದರೂ ಅದು ಸಂಶೋಧನೆಯಾಗಬೇಕಾದರೆ ಕಲಿಯಬೇಕಾದದ್ದು ಬಹಳಷ್ಟಿದೆ. ಯಾವ ರೋಗಿಗಳನ್ನು ಸೇರಿಸಬೇಕು, ವೆಂಟಿಲೇಟರ್‌ನ ಯಾವ ಹೊತ್ತಿನ ಅಂಕಿಯನ್ನು ಬರೆದುಕೊಳ್ಳಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರಬೇಕು. ಇವೆಲ್ಲಕ್ಕಿಂತ ಸೂಕ್ಷ್ಮವಾದ ಒಂದು ಬಲೆಯೂ ಇದೆ. ದಾಖಲಾದ ಕೆಲವೇ ಗಂಟೆಗಳಲ್ಲಿ ತೀರಿಕೊಂಡವರ ಎತ್ತರವನ್ನು ಅಳೆಯಲು ಸಾಮಾನ್ಯವಾಗಿ ಯಾರಿಗೂ ಬಿಡುವಾಗಿರುವುದಿಲ್ಲ. ಅವರೆಲ್ಲರೂ ‘ಎತ್ತರ ಅಳೆಯದ ರೋಗಿಗಳ’ ಗುಂಪಿಗೆ ಸೇರಿಬಿಟ್ಟರೆ, ಎತ್ತರ ಅಳೆದ ರೋಗಿಗಳು ಹೆಚ್ಚು ಬದುಕಿದರು ಎಂಬ ಫಲಿತಾಂಶ ತಾನಾಗಿ ಬರುತ್ತದೆ. ಅದು ಅಳತೆಯ ಫಲವಲ್ಲ, ಅಳೆಯುವಷ್ಟು ಹೊತ್ತು ಜೀವ ಉಳಿದಿದ್ದರ ಫಲ. ಈ ತಪ್ಪನ್ನು ಪಠ್ಯದಲ್ಲಿ ಓದಿದವರು ಮರೆತಾರು. ತಮ್ಮದೇ ಕೋಷ್ಟಕದಲ್ಲಿ ಕಂಡುಹಿಡಿದವರು ಮರೆಯಲಾರರು. ಸಂಶೋಧನಾ ತರಬೇತಿಯ ತಿರುಳು ಇಲ್ಲಿದೆ ಎಂದು ನನ್ನ ನಂಬಿಕೆ.

ತೀವ್ರ ನಿಗಾ ಚಿಕಿತ್ಸೆಯಲ್ಲಿ ಇದು ವಿಶೇಷವಾಗಿ ಬೇಕು, ಏಕೆಂದರೆ ಅಲ್ಲಿ ಕಣ್ಣಿಗೆ ಕಾಣುವ ಸುಧಾರಣೆಯೇ ಮೋಸ ಮಾಡಬಲ್ಲದು. ಜ್ವರದೊಡನೆ ರಕ್ತಸಂಚಾರ ಕುಗ್ಗಿದ ಮಕ್ಕಳಿಗೆ ರಕ್ತನಾಳದ ಮೂಲಕ ಬೇಗಬೇಗನೆ ದ್ರವ ಏರಿಸಿದರೆ ನಾಡಿ ಸುಧಾರಿಸುವುದು ಕಾಣುತ್ತದೆ, ವೈದ್ಯರಿಗೆ ಸಮಾಧಾನವಾಗುತ್ತದೆ. ಆದರೆ ಕೀನ್ಯಾ, ತಾಂಜಾನಿಯಾ ಮತ್ತು ಉಗಾಂಡಾಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾಗೆ ದ್ರವ ಪಡೆದವರಲ್ಲಿ 48 ಗಂಟೆಗಳೊಳಗೆ ಸುಮಾರು ಶೇ. 10.5ರಷ್ಟು ಮಕ್ಕಳು ತೀರಿಕೊಂಡರೆ, ಪಡೆಯದವರಲ್ಲಿ ಆ ಪ್ರಮಾಣ ಶೇ. 7.3 ಆಗಿತ್ತು.

ಇಂಥ ಪ್ರಯೋಗಗಳನ್ನು ರೆಸಿಡೆಂಟರು ಒಬ್ಬೊಬ್ಬರೇ ನಡೆಸಲಾಗದು. ಪದವಿಯ ನಿಯಮಕ್ಕಾಗಿ ಪ್ರತಿಯೊಬ್ಬರೂ ಐವತ್ತು ಅರವತ್ತು ರೋಗಿಗಳ ಪ್ರಬಂಧ ಬರೆದು ಕಪಾಟಿಗೆ ಸೇರಿಸುವುದಕ್ಕಿಂತ, ಮೂವತ್ತು ಆಸ್ಪತ್ರೆಗಳ ರೆಸಿಡೆಂಟರು ಒಂದೇ ಪ್ರಶ್ನೆಯನ್ನು ಒಂದೇ ನಮೂನೆಯಲ್ಲಿ, ಒಂದೇ ವಾರದಲ್ಲಿ ಕೇಳುವುದು ಎಷ್ಟೋ ಮೇಲು. ದೊಡ್ಡ ಪ್ರಯೋಗದ ಸ್ಥಳೀಯ ತಂಡದಲ್ಲಿ ದುಡಿಯುವುದು, ರೋಗಿಗಳ ಮಾಹಿತಿಯನ್ನು ಒಂದೆಡೆ ಕೂಡಿಡುವ ನೋಂದಣಿಯಲ್ಲಿ (ರಿಜಿಸ್ಟ್ರಿ) ಪಾಲುಗೊಳ್ಳುವುದು, ಒಂದು ವರ್ಷದ ಸಂಶೋಧನಾ ಫೆಲೋಶಿಪ್ ಮಾಡುವುದು ಇವೂ ಒಳ್ಳೆಯ ದಾರಿಗಳು.

ಇಲ್ಲಿ ಸಂಶೋಧನೆಗೆ ಒಪ್ಪಿಗೆ ಪಡೆಯುವುದೂ ಒಂದು ವಿದ್ಯೆ. ರೋಗಿಗೆ ಪ್ರಜ್ಞೆ ಇರುವುದಿಲ್ಲ. ಹೊರಗೆ ಕುಳಿತ ಮಗನಿಗೆ ಮಾತು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ. ಆತನ ಪಕ್ಕದಲ್ಲಿ ಕುಳಿತು, ‘ಬೇಡ’ ಎಂದರೂ ಚಿಕಿತ್ಸೆಯಲ್ಲಿ ಕೊರತೆಯಾಗದೆಂದು ಬಿಡಿಸಿ ಹೇಳುವುದನ್ನು ಹಿರಿಯರೊಬ್ಬರು ಮಾಡಿ ತೋರಿಸಿದರಷ್ಟೇ ಕಿರಿಯರು ಕಲಿತಾರು.

ಮಾರ್ಗದರ್ಶಕರು ಸಿಕ್ಕರೂ, ಸಂಖ್ಯಾಶಾಸ್ತ್ರಜ್ಞರ ನೆರವಿದ್ದರೂ, ಸತತ ಪಾಳಿಗಳ ನಡುವೆ ಉಳಿದ ನಿದ್ದೆಯನ್ನು ಕದ್ದು ಅಂಕಿಅಂಶ ತುಂಬಿಸುವುದನ್ನು ತರಬೇತಿ ಎನ್ನಲಾಗದು. ಸಂಶೋಧನೆಗೆಂದು ಕೊಟ್ಟ ವಾರಗಳಲ್ಲಿ ಆ ರೆಸಿಡೆಂಟರ ಪಾಳಿಯನ್ನು ವಹಿಸಿಕೊಳ್ಳುವವರ ಹೆಸರು ಡ್ಯೂಟಿ ಪಟ್ಟಿಯಲ್ಲಿ ಮೊದಲೇ ಬರೆದಿರಬೇಕು.